ಆಧಾರ್ ಕೇಳದ ಮನೆ

ನಾಗರಹೊಳೆಗೆ ಹೋಗೋಣ ಅಂದವಳು ಮೇಘಶ್ರೀ. ಮದುವೆಯಾದ ನಾಲ್ಕನೇ ದಿನ, ಹಾಸನದ ಬಸ್ ಸ್ಟ್ಯಾಂಡಿನ ಮೂಲೆಯ ಬೆಂಚಿನಲ್ಲಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕೂತಿದ್ದಾಗ. ಆನೆ, ಹುಲಿ ನೋಡುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ರಜೆಯಲ್ಲಿ ಅಲ್ಲಿಗೆ ಸಫಾರಿಗೆಂದು ಜೋಡಿ ಜೋಡಿಯಾಗಿ ಜನ ಬರುತ್ತಾರೆ, ಅವರ ನಡುವೆ ತಾವೂ ಒಂದು ಜೋಡಿಯಾಗಿ ಸೇರಿಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಅವಳ ಲೆಕ್ಕ.

ಕಣ್ಣಿಗೆ ಬೀಳಬಾರದಿದ್ದದ್ದು ಅವಳ ಅಣ್ಣ ದೇವರಾಜನ ಕಣ್ಣಿಗೆ. ಮಲ್ಲಿಪಟ್ಟಣದ ಕಡೆಯ ದೊಡ್ಡ ಹಿಡುವಳಿಯ ಮನೆ ಅವರದು, ಮೇಲೆ ಲಾರಿ ವ್ಯವಹಾರ. ಮೇಘಶ್ರೀ ಕೈಹಿಡಿದ ಪ್ರದ್ಯುಮ್ನ ಹೊಳೆನರಸೀಪುರದ ದೇವಸ್ಥಾನದ ಬೀದಿಯವನು, ಶಾಲಾ ಮೇಷ್ಟ್ರು, ಬೇರೆ ಜಾತಿ. ದೇವರಾಜ ಅಂಗಳದಲ್ಲಿ ನಿಂತು ತಂಗಿಗೆ ಒಂದೇ ಮಾತು ಹೇಳಿದ್ದ. "ನಿನ್ನ ಏನೂ ಮಾಡಕಿಲ್ಲ ಕಣೆ. ಅವ್ನನ್ನ ಉಳಿಸಕಿಲ್ಲ." ಇವನು ಆಡಿದ್ದನ್ನು ಮಾಡುವವನು ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು. ರಕ್ಷಣೆ ಕೊಡಿ ಎಂದು ಒಂದು ಠಾಣೆಗೆ ಹೋಗಿದ್ದೂ ಆಯಿತು. ಇವರು ಅರ್ಜಿ ಬರೆದು ಮುಗಿಸುವಷ್ಟರಲ್ಲಿ ದೇವರಾಜನ ಕಾರು ಠಾಣೆಯ ಬಾಗಿಲಲ್ಲಿತ್ತು. ಹಿಂದಿನ ಗೋಡೆ ಹಾರಿ ಓಡಿದ್ದರು. ಸೋಮವಾರ ಮೈಸೂರಿನಲ್ಲಿ ಒಬ್ಬ ವಕೀಲರು ಇವರನ್ನು ಜಡ್ಜ್ ಎದುರು ನಿಲ್ಲಿಸುತ್ತೇನೆ ಅಂದಿದ್ದರು. ಅಲ್ಲಿಯವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡು ಎಲ್ಲಾದರೂ ಇರಬೇಕು, ಅಷ್ಟೇ.

ಸರಿ, ಎಲ್ಲಿರುವುದು? ರೆಸಾರ್ಟಿನಲ್ಲಿ ಒಂದು ರಾತ್ರಿ ಕಳೆದರೆ ಮೇಷ್ಟ್ರ ತಿಂಗಳ ಸಂಬಳ ಸ್ವಾಹಾ. ಅರಣ್ಯ ಇಲಾಖೆಯ ಕಾಟೇಜಿಗೆ ಮೊದಲೇ ಹೆಸರು, ವಿಳಾಸ, ಆಧಾರ್ ಎಲ್ಲ ಕೊಟ್ಟು ಬುಕ್ ಮಾಡಬೇಕು. ಹುಣಸೂರಿನ ಲಾಡ್ಜುಗಳು ಅಗ್ಗ ಎಂದ ಪ್ರದ್ಯುಮ್ನ.

"ಲಾಡ್ಜ್ ಮಾತ್ರ ಬ್ಯಾಡ. ಕೌಂಟರಿನಲ್ಲಿ ಆಧಾರ್ ಜೆರಾಕ್ಸ್ ಇಸ್ಕೋತಾರೆ. ಅಣ್ಣನ ಲಾರಿ ಡ್ರೈವರುಗಳು ಮಲಗದೆ ಇರೋ ಲಾಡ್ಜೇ ಇಲ್ಲ. ಅವನು ಮೊದಲು ಹುಡುಕೋದೇ ಅಲ್ಲಿ," ಎಂದಳು ಮೇಘಶ್ರೀ.

ಮೊಬೈಲಿನಲ್ಲಿ ತಡಕಾಡಿ ಕಾಡಿನಂಚಿನ ಒಂದು ಹೋಂಸ್ಟೇ ಹಿಡಿದಳು. ಎಲ್ಲಕ್ಕಿಂತ ಕಡಿಮೆ ಬಾಡಿಗೆ, ಊಟ ಸೇರಿ. ಫೋನ್ ಎತ್ತಿದ ಹೆಂಗಸು, "ಬನ್ರವ್ವ, ರೂಮು ಖಾಲಿ ಐತೆ," ಅಂದಳೇ ಹೊರತು ಹೆಸರು ಸಹ ಕೇಳಲಿಲ್ಲ. ಮೇಘಶ್ರೀಗೆ ಹೋದ ಜೀವ ಬಂದಂತಾಯಿತು. ಪಾಪ, ಓದಿದ ಹುಡುಗಿ. ಲಾಡ್ಜಿನವನು ಆಧಾರ್ ಇಸ್ಕೊಂಡು ಬೀಗದ ಕೈ ಕೊಟ್ಟು ಸುಮ್ಮನಾಗುತ್ತಾನೆ, ಮನೆಯಲ್ಲಿ ಉಣ್ಣಲು ಕೂರಿಸಿದ ಹೆಂಗಸು ಸುಮ್ಮನಿರುತ್ತಾಳೆಯೇ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮನೆ ಒಂಟಿ ಮನೆ. ಮುಂದೆ ಮಣ್ಣುರಸ್ತೆ, ಹಿಂದೆ ಸೋಲಾರ್ ತಂತಿಬೇಲಿ, ಬೇಲಿಯಾಚೆ ಆನೆ ಕಂದಕ, ಕಂದಕದಾಚೆ ಕಾಡು. ಯಜಮಾನಿ ಕಾಮಾಕ್ಷಮ್ಮನಿಗೆ ಐವತ್ತು ದಾಟಿತ್ತು. ದೊಡ್ಡ ಕುಂಕುಮ, ದೊಡ್ಡ ನಗು. ಗಂಡ ಬೋರಪ್ಪ ಪಿಕಪ್ ಗಾಡಿ ಓಡಿಸುವವನು, ಮಾತು ಕಡಿಮೆ. ಮನೆಯೊಳಗೆ ಫೋನ್ ಸಿಗುವುದಿಲ್ಲ, ಆಚೆ ದಿಬ್ಬ ಹತ್ತಬೇಕು, ರೂಮು ಕೇಳುವವರ ಫೋನಿಗೆಂದು ಇವಳು ದಿನಾ ಹತ್ತುತ್ತಾಳೆ, ಹೊತ್ತು ಮುಳುಗಿದ ಮೇಲೆ ಆನೆಗಳು ಓಡಾಡುತ್ತವೆ, ಗೇಟು ದಾಟಬೇಡಿ ಎಂದು ಬೋರಪ್ಪ ಬಂದವರಿಗೆಲ್ಲ ಹೇಳುವಂತೆ ಇವರಿಗೂ ಹೇಳಿದ. ಫೋನ್ ಸಿಗದಿರುವುದೇ ಒಳ್ಳೆಯದಾಯಿತು ಎಂದುಕೊಂಡಳು ಮೇಘಶ್ರೀ.

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು. ಕಾಮಾಕ್ಷಮ್ಮ ಎದುರಿಗೇ ಕೂತು ಬಡಿಸಿದಳು. ಪ್ರದ್ಯುಮ್ನ ಮುದ್ದೆಯನ್ನು ಬಾಯಲ್ಲಿಟ್ಟು ಚೂಯಿಂಗ್ ಗಮ್ಮಿನಂತೆ ಅಗಿಯತೊಡಗಿದ್ದು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

"ನುಂಗಪ್ಪಾ, ಅಗೀಬ್ಯಾಡ! ಪ್ಯಾಟೆ ಉಡ್ಗ ಪಾಪ. ಯಾವೂರವ್ವ ನಿಮ್ದು?"

"ಹಾಸನ," ಅಂದಳು ಮೇಘಶ್ರೀ.

"ಆಸನ ಅಂದ್ರೆ ಆಸನವೇಯೋ, ಪಕ್ಕದ್ ಅಳ್ಳಿಯೋ?"

ಒಬ್ಬ ದೊಡ್ಡ ಹೆಂಗಸು ತಟ್ಟೆಗೆ ತುಪ್ಪ ಹಾಕುತ್ತಾ ಕೇಳುವಾಗ ನಿಮಗ್ಯಾಕೆ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಮಲ್ಲಿಪಟ್ಟಣ ಎನ್ನುವಂತಿಲ್ಲ. ಗೊತ್ತಿಲ್ಲದ ಊರು ಹೇಳಿದರೆ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳಬೇಕು. ರಜೆಯಲ್ಲೆಲ್ಲ ಕಳೆದ ಅಜ್ಜಿಯ ಊರು ನಾಲಗೆಗೆ ಬಂತು.

"ಕೊಣನೂರು."

ಕಾಮಾಕ್ಷಮ್ಮನ ಕೈಯ ಸೌಟು ನಿಂತಿತು. "ಕೊಣನೂರಾ! ನನ್ ತವರು ಕಣವ್ವ ಅದು! ಯಾರ ಮನೆ?"

ಒಂದು ಹೆಸರು ಬೇಕು, ಈಗಲೇ ಬೇಕು. ಬಾಯಿಗೆ ಬಂದದ್ದು ಅಜ್ಜನ ಹೆಸರೊಂದೇ. "ಸಣ್ಣಯ್ಯನವರ ಮನೆ."

"ಸಣ್ಣಯ್ಯ ದೊಡ್ಡಪ್ಪನ ಮನೇಲಿ ಎಣ್ಣು ಅಂದ್ರೆ ನಾಗಲಕ್ಷ್ಮಕ್ಕ ಒಬ್ಳೇಯ. ಅವ್ಳನ್ನ ಕೊಟ್ಟಿದ್ದು ಮಲ್ಲಿಪಟ್ಟಣಕ್ಕೆ..." ಕಾಮಾಕ್ಷಮ್ಮ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. "ಅಯ್ಯೋ ನನ್ನವ್ವ, ನೀನು ನಂಜಪ್ಪ ಭಾವನ ಮಗಳು! ನಿನ್ ತೊಟ್ಲಿಗೆ ಬಂದಿದ್ದೆ ಕಣೆ ನಾನು. ನಿಂಗೆ ಚಿಕ್ಕವ್ವ ಆಗ್ಬೇಕು!"

ಪ್ರದ್ಯುಮ್ನ ತಟ್ಟೆಯಿಂದ ತಲೆ ಎತ್ತಲಿಲ್ಲ. ಕಾಮಾಕ್ಷಮ್ಮನ ದೃಷ್ಟಿ ಹುಡುಗಿಯ ತಾಳಿಗೆ ಹೋಯಿತು, ಅಲ್ಲೇ ನಿಂತಿತು. ನಗು ಕಡಿಮೆಯಾಯಿತು.

"ಮದ್ವೆ ಆಗ್ಬುಟ್ಟೈತೆ. ನಂಗೊಂದು ಕಾರ್ಡ್ ಕಳಿಸ್ಲಿಲ್ವಲ್ಲವ್ವ ನಿಮ್ಮಪ್ಪ," ಎಂದಳು. ಎದ್ದು ಒಳಗೆ ಹೋದಳು.

ಮದುವೆಗೆ ಕರೆಯಲಿಲ್ಲ ಎಂಬ ಸಿಟ್ಟು ಎಂಥದೆಂದು ಮೇಘಶ್ರೀಗೆ ಗೊತ್ತಿರಬೇಕಿತ್ತು. ಇದೊಂದು ಕಾರಣಕ್ಕೆ ಮೂರು ತಲೆಮಾರು ಮಾತು ಬಿಟ್ಟ ಮನೆಗಳು ಅವಳ ಊರಲ್ಲೇ ಇವೆ. ಯಾರಿಗೂ ಹೇಳಬೇಡಿ ಎಂದು ಚಿಕ್ಕವ್ವನ ಕಾಲು ಹಿಡಿಯೋಣವೇ? ಹಿಡಿದರೆ ಗುಟ್ಟು ರಟ್ಟು. ಹಿಡಿಯದಿದ್ದರೆ? ರೂಮಿನಲ್ಲಿ ಮಂಚದ ಮೇಲೆ ಕೂತು ಇಬ್ಬರೂ ಪಿಸುಪಿಸು ಮಾತಾಡಿದ್ದೇ ಮಾತಾಡಿದ್ದು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವುದು ಎಂದು ತೀರ್ಮಾನಿಸಿ ಈಚೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಡುಗೆಮನೆ ಖಾಲಿ. ಬೋರಪ್ಪ ಗಾಡಿ ತೊಳೆಯುತ್ತಿದ್ದ.

"ಚಿಕ್ಕವ್ವ ಎಲ್ಲಿ?"

"ದಿಬ್ಬದ್ ತಾವ ಓದ್ಲು. ನಿಮ್ಮಪ್ಪನ್ಗೆ ಫೋನ್ ಮಾಡಿ ಸರ್‍ಯಾಗ್ ಉಗೀತೀನಿ ಅಂತಿದ್ಲು," ಎಂದ ಬೋರಪ್ಪ, ನಗುತ್ತಾ.

ಮೇಘಶ್ರೀ ಓಡಿದಳು. ಬೋರಪ್ಪ ಹಿಂದಿನಿಂದ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಎಡಕ್ಕೆ ಬಿದಿರು ಮೆಳೆಯಲ್ಲಿ ಏನೋ ಲಟಕ್ಕನೆ ಮುರಿಯಿತು. ಆನೆಯೇ ಇರಬೇಕು ಎಂದು ತಲೆಗೆ ಹೋಯಿತು, ಕಾಲು ಮಾತ್ರ ಕೇಳಲಿಲ್ಲ. ಅಷ್ಟರಲ್ಲಿ ಎದುರಿಗೆ ಕಾಮಾಕ್ಷಮ್ಮ ಇಳಿದು ಬರುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಖ ಅರಳಿಸಿಕೊಂಡು.

"ಏಳ್ಬ್ಯಾಡ ಅಂದವ್ನೆ, ಆದ್ರೂ ಬಾಯಿ ತಡೆಯಾಕಿಲ್ಲ ಕಣವ್ವ. ನಿಮ್ಮಣ್ಣ ಬತ್ತಾವ್ನೆ!"

ಮೇಘಶ್ರೀ ದಾರಿಯಲ್ಲೇ ಕೂತುಬಿಟ್ಟಳು.

"ಮದ್ವೆ ಅಂದ್ಕೂಡ್ಲೇ ಭಾವ ಮಾತೇ ಆಡ್ಲಿಲ್ಲ, ದೇವರಾಜಂಗೆ ಮಾಡು ಅಂತ ನಂಬರ್ ಕೊಟ್ಬುಟ್ರು. ಅವ್ನು ಬಂಗಾರದಂಥ ಉಡ್ಗ. ತಪ್ಪಾಯ್ತು ಚಿಕ್ಕವ್ವ, ಅವಸರದಲ್ಲಿ ಆಗೋಯ್ತು ಅಂದ. ಇಲ್ಲೇ ಉಣಸೂರಲ್ಲವ್ನಂತೆ, ಲಾಡ್ಜ್‌ಗಳ್ ತಾವ ಏನೋ ಕೆಲ್ಸವಂತೆ. ಉಡುಗೊರೆ ತತ್ತೀನಿ, ಅವ್ರಿಗೆ ಏಳ್ಬ್ಯಾಡಿ ಅಂದ."

ತನ್ನ ಅಣ್ಣ ಯಾರಲ್ಲೂ ತಪ್ಪಾಯ್ತು ಅಂದದ್ದನ್ನು ಮೇಘಶ್ರೀ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಲ್ಲೇ, ಮಣ್ಣಲ್ಲಿ ಕೂತು, ಎಲ್ಲ ಹೇಳಿದಳು. ಓಡಿಬಂದದ್ದು, ಠಾಣೆ, ಗೋಡೆ, ಅಂಗಳದಲ್ಲಿ ಅಣ್ಣ ಆಡಿದ ಮಾತು.

ಕಾಮಾಕ್ಷಮ್ಮ ಕೇಳಿಸಿಕೊಂಡಳು. ನೀವು ಮಾಡಿದ್ದು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಸಣ್ಣ ದನಿಯಲ್ಲಿ ಅಂದಳು:

"ಕಡೇಗೆ ಒಂದ್ ಮಾತ್ ಕೇಳ್ದ. ಆ ಉಡ್ಗ ಮಲ್ಗೋ ರೂಮು ಯಾವ ಕಡೆಗೈತೆ, ಕಿಟಕಿ ಐತಾ ಅಂತ. ಯಾಕೆ ಕೇಳ್ದ ಅಂತ ನಂಗೂ ಅನ್ನಿಸ್ತು. ಏಳ್ಬುಟ್ಟೆ ಕಣವ್ವ. ಇತ್ಲಿನ್ ಕಡೆ, ಕಾಡಿನ್ ದಿಕ್ಕಿನ ರೂಮು ಅಂತ ಏಳ್ಬುಟ್ಟೆ."

ಮನೆಗೆ ಬಂದಮೇಲೆ ಕಾಮಾಕ್ಷಮ್ಮ ಯಾರ ಮಾತನ್ನೂ ಕೇಳಲಿಲ್ಲ. ಇಬ್ಬರನ್ನೂ ಪಿಕಪ್ಪಿನ ಹಿಂದೆ ಮಲಗಿಸಿ, ಹುಲ್ಲು ಹರಡಿ, ಟಾರ್ಪಾಲು ಎಳೆದಳು. ಮೈಸೂರಿನ ವಕೀಲರ ಮನೆಗೇ ಬಿಟ್ಟು ಬಾ ಎಂದಳು ಗಂಡನಿಗೆ. ಇರುವುದೊಂದೇ ರಸ್ತೆ, ಎದುರಿಗೆ ಸಿಕ್ಕರೂ ಸಿಗಬಹುದು ಎಂದ ಬೋರಪ್ಪ.

"ಸಿಕ್ರೆ ಹೋಂಸ್ಟೇ ದಾರಿ ತೋರ್ಸು. ಇಲ್ಲಾಂದ್ರೆ ತಿರುಗ್ಕಂಡು ನಿನ್ ಗಾಡಿ ಇಂದೆಯೇ ಬತ್ತಾನೆ."

"ಅಮ್ಮಾ, ನೀವೂ ಬನ್ನಿ. ನಿಮ್ಮೊಬ್ಬರನ್ನೇ ಬಿಟ್ಟು ನಾನು ಹೋಗೋದಿಲ್ಲ," ಎಂದು ಪ್ರದ್ಯುಮ್ನ ಟಾರ್ಪಾಲು ಸರಿಸಿ ಎದ್ದು ಕೂತ.

"ಮಲಿಕಳಪ್ಪ. ಕರೆದೋಳು ನಾನು. ನೆಂಟ ಬಂದಾಗ ಮನೇಲಿ ಯಾರೂ ಇಲ್ದಿದ್ರೆ, ಓಡೋದ್ರು ಅಂತ ಆಗ್ಲೇ ಗೊತ್ತಾಯ್ತದೆ. ನಾನಿದ್ದು, ಸಫಾರಿಗೆ ಓಗವ್ರೆ, ಈಗ ಬತ್ತಾರೆ ಅಂತ ಕೂರಿಸ್ಕತೀನಿ. ಉಣ್ಣಾಕಿಕ್ತೀನಿ. ನೀವು ಅಷ್ಟು ದೂರ ಓಗ್ಬೋದು."

"ಆಮೇಲೆ, ಚಿಕ್ಕವ್ವ?" ಎಂದಳು ಮೇಘಶ್ರೀ.

ಕಾಮಾಕ್ಷಮ್ಮ ಟಾರ್ಪಾಲನ್ನು ಮತ್ತೆ ಎಳೆದು ಹಗ್ಗ ಬಿಗಿದಳು. ಒಳಗೆ ಹೋಗಿ ಅವರ ರೂಮಿನ ದೀಪ ಹಾಕಿದಳು.

ಗಾಡಿ ಹೊರಟಿತು. ಹುಲ್ಲಿನ ಕೆಳಗೆ ಪ್ರದ್ಯುಮ್ನನ ಕೈ ಹಿಡಿದು ಮೇಘಶ್ರೀ ತನಗೆ ಬರುವ ದೇವರ ಹೆಸರನ್ನೆಲ್ಲ ಹೇಳಿಕೊಂಡಳು. ಮಣ್ಣುರಸ್ತೆ ಮುಗಿದು ಡಾಂಬರು ಸಿಕ್ಕಿ ಸ್ವಲ್ಪವೇ ದೂರ ಹೋಗಿರಬೇಕು, ಎದುರಿನಿಂದ ಕಾರಿನ ಸದ್ದು ಬಂತು, ಟಾರ್ಪಾಲಿನ ಮೇಲೆ ಬೆಳಕು ಹರಿಯಿತು. ಹಾರ್ನ್. ಬೋರಪ್ಪ ನಿಲ್ಲಿಸಲೇಬೇಕಾಯಿತು. ಕಾರಿನ ಗಾಜು ಇಳಿಯಿತು.

"ಯಜಮಾನ್ರೇ, ಇಲ್ಲಿ ಕಾಮಾಕ್ಷಮ್ಮ ಅನ್ನೋರ ಹೋಂಸ್ಟೇ ಎಲ್ಲೈತೆ?"

ಅಣ್ಣನ ದನಿ. ಕೈಚಾಚಿದರೆ ತಾಗುವಷ್ಟು ಹತ್ತಿರ. ಮೇಘಶ್ರೀ ಪ್ರದ್ಯುಮ್ನನ ಬಾಯಿಯನ್ನು ತನ್ನ ಅಂಗೈಯಿಂದ ಒತ್ತಿ ಹಿಡಿದಳು. ಹುಲ್ಲಿನ ಧೂಳಿಗೆ ಅವನಿಗೆ ಕೆಮ್ಮು ಬರುತ್ತಿತ್ತು. ಅವನ ಮೈ ಕುಲುಕಿತು, ಅವಳು ಇನ್ನೂ ಬಲವಾಗಿ ಒತ್ತಿದಳು. ಬೋರಪ್ಪ ಯಾಕೋ ಬಾಯಿ ಬಿಡುತ್ತಿಲ್ಲ. ಹೇಳು ಎಂದು ಅವಳ ಮನಸ್ಸು ಕೂಗಿತು. ಹಾಗೆ ಕೂಗಿದ್ದಕ್ಕೆ ಆ ಕ್ಷಣದಲ್ಲೇ ತನ್ನ ಮೇಲೆ ತನಗೆ ಅಸಹ್ಯವಾಯಿತು.

"ಇಂಗೇ ನೇರ ಓಗಿ ಸಾ. ಮಣ್ ರಸ್ತೆ ಸಿಗ್ತದೆ, ಅದ್ರಲ್ಲಿ ಓದ್ರೆ ಒಂದೇ ಮನೆ," ಎಂದ ಬೋರಪ್ಪ ಕೊನೆಗೆ.

"ಮನೇಲಿ ಯಾರ್‍ಯಾರವ್ರೆ, ಗೊತ್ತಾ?"

"ಎಂಗ್ಸು ಒಬ್ಳೇ ಇರಾದು ಸಾ," ಎಂದ. ಇನ್ನೊಂದು ಮಾತು ಸೇರಿಸಿದ. "ಒಳ್ಳೇ ಎಂಗ್ಸು ಸಾ ಅವ್ಳು. ನಿಧಾನಕ್ಕೋಗಿ."

ಕಾರು ಮುಂದೆ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಪಿಕಪ್ ನಿಂತಲ್ಲೇ ನಿಂತಿತ್ತು. ಆಮೇಲೆ ಬೋರಪ್ಪ ಗೇರ್ ಹಾಕಿದ. ಗಾಡಿ ಹಿಂದಕ್ಕೆ ತಿರುಗದೆ, ಮೈಸೂರಿನ ದಾರಿ ಹಿಡಿದು ಹುಣಸೂರಿನ ಕಡೆಗೇ ಓಡಿತು. ಇಂಜಿನ್ನಿನ ಸದ್ದಿನ ನಡುವೆ ಅವನು ಬಿಕ್ಕಿ ಬಿಕ್ಕಿ ಅಳುವುದು ಹಿಂದೆ ಮಲಗಿದ್ದ ಇಬ್ಬರಿಗೂ ಕೇಳಿಸುತ್ತಿತ್ತು.