ದಿಯಾರರ ಅಲಸಂದೆ, ದೆಂಬೆಲೆಯ ಗಿಟಾರು

ಶಿಯಾ ಮರದ ಕಾಯಿಯ ಬೆಣ್ಣೆ ಹಾಕಿ ಬೇಯಿಸಿದ ಅಲಸಂದೆಯ ವಾಸನೆ ನನ್ನ ಬಾಲ್ಯದ ಮೊದಲ ನೆನಪು. ಆ ವಾಸನೆ ಎದ್ದ ಕೂಡಲೇ ಅಮ್ಮ ಅಂಗಳದ ಬಾಗಿಲು ಮುಚ್ಚುತ್ತಿದ್ದಳು. ದಾರಿಯಲ್ಲಿ ಹೋಗುವ ದೆಂಬೆಲೆ ಮನೆತನದವರ ಮೂಗಿಗೆ ಬಡಿದರೆ ಮುಗಿಯಿತು. ಮಾಲಿ ದೇಶದ ನಮ್ಮ ಸೆಗು ಊರಿನಲ್ಲಿ ನಮಗೂ ಅವರಿಗೂ, ಅಂದರೆ ದಿಯಾರರಿಗೂ ದೆಂಬೆಲೆಗಳಿಗೂ, ತಲೆತಲಾಂತರದಿಂದ ಗೇಲಿಯ ನೆಂಟಸ್ತಿಕೆ. ಕಂಡಲ್ಲಿ ಹಂಗಿಸಬೇಕು, ಹಂಗಿಸಿಕೊಂಡವರು ಮುನಿಯಬಾರದು. ‘ಅಲಸಂದೆಬಾಕ’ ಎನ್ನುವುದೇ ಎಲ್ಲಕ್ಕಿಂತ ದೊಡ್ಡ ಬೈಗುಳ.

ಹಾಗಾಗಿ, ಎಷ್ಟೋ ವರ್ಷಗಳ ಮೇಲೆ, ದೆಂಬೆಲೆಗಳ ಹುಡುಗ ಜುಮಾನಾ ಒಂದೂ ಬೈಗುಳವಿಲ್ಲದೆ ಒಳಗೆ ಬಂದು ನನ್ನ ಅಣ್ಣ ಚೆಕುರನ ಮುಂದೆ ಮಂಡಿಯೂರಿದಾಗ, ಯಾರೋ ಸತ್ತರೆಂದೇ ನಾನು ತಿಳಿದೆ.

ಅವನು ಹಿರಿಯರಿಗೆ ಕೊಡುವ ಕಾಣಿಕೆಯ ಕೋಲಾ ಕಾಯಿಗಳನ್ನು ಇಟ್ಟು, “ಅಪ್ಪಾಜಿ, ಶನಿವಾರ ನದಿ ದಂಡೆ ಮೇಲೆ ನನ್ನ ಕಛೇರಿ ಇದೆ. ನಿಮ್ಮ ಬೇಟೆ ಹಾಡನ್ನ ಗಿಟಾರಲ್ಲಿ ನುಡಿಸೋಕೆ ಅಪ್ಪಣೆ ಕೊಡಬೇಕು,” ಎಂದ.

ಅಣ್ಣ ಬೇಟೆಗಾರರ ಹಾಡುಗಾರ. ಗುರುವಿನಿಂದ ಬಂದ ಆ ಹಾಡನ್ನು ಅವನು ಹೂಂ ಅನ್ನದೆ ಯಾರೂ ಮುಟ್ಟುವಂತಿಲ್ಲ. ಜುಮಾನಾ ಹಳೆಯ ಕ್ಯಾಸೆಟ್ಟುಗಳಲ್ಲಿ ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡು ಕೇಳಿ ಬೆಳೆದವನು. ಎರಡನ್ನೂ ಹೆಣೆದು ಇಡೀ ಕಛೇರಿ ಕಟ್ಟಿದ್ದ. ಅಣ್ಣ ಒಪ್ಪದಿದ್ದರೆ ಅದೆಲ್ಲ ವ್ಯರ್ಥ.

“ಆಗಲ್ಲ. ನನ್ನ ಹಾಡಿಗೆ ಅಮೆರಿಕದ ಪ್ಯಾಂಟು ತೊಡಿಸಬೇಡ,” ಎಂದ ಅಣ್ಣ.

ಜೋಲುಮುಖ ಹಾಕಿಕೊಂಡು ಹೊರಟವನನ್ನು ಬಾಗಿಲ ತನಕ ಬಿಡಲು ಹೋದೆ.

“ಏನೋ, ನಾಲಿಗೆ ಮನೇಲೇ ಬಿಟ್ಟು ಬಂದ್ಯಾ? ದೆಂಬೆಲೆ ಇಷ್ಟು ಮರ್ಯಾದೆ ಕೊಟ್ರೆ ಯಾವ ದಿಯಾರ ನಂಬ್ತಾನೆ?”

“ದೊಡ್ಡ ವಿಷಯ ಅಲ್ವಾ ಅತ್ತೆ, ಅದಕ್ಕೇ...”

“ದೊಡ್ಡ ವಿಷಯಕ್ಕೇ ಕಣೋ ನೆಂಟಸ್ತಿಕೆ ಇರೋದು.”

ಮರುದಿನ ಗಿಟಾರಿನೊಂದಿಗೆ ಬಂದವನು ಬೀದಿಯಿಂದಲೇ ಶುರುಮಾಡಿದ. “ಲೋ ಅಲಸಂದೆಬಾಕ ಮುದುಕಾ! ದಿಯಾರ ಅಂದ್ರೆ ಸಿಂಹ ಅಂತೆ, ತಿನ್ನೋದು ಮಾತ್ರ ಕಾಳು! ನಿಮ್ಮಜ್ಜ ಬೇಟೆಗೆ ಹೋದ್ರೆ ಹೊಟ್ಟೆ ಸದ್ದಿಗೇ ಜಿಂಕೆ ಓಡ್ತಿದ್ವಂತಲ್ಲ!”

ಅಣ್ಣನ ಗಡ್ಡ ಅಲುಗಿತು. “ಬಾರೋ ನಮ್ಮನೆ ಆಳೇ! ನಿಮ್ಮಜ್ಜನ್ನ ನಾವು ಒಂದು ಬುಟ್ಟಿ ಕಡಲೇಕಾಯಿಗೆ ಕೊಂಡಿದ್ವಿ. ಅದೂ ದುಬಾರಿಯಾಯ್ತು.”

“ಹಾಗಾದ್ರೆ ಕೊಂಡ ಆಳು ಬಾರಿಸ್ತಾನೆ, ಯಜಮಾನ ಕೇಳ್ಲಿ,” ಎಂದು ಚಾಪೆಯ ಮೇಲೆ ಕೂತೇಬಿಟ್ಟ. ಗೇಲಿಯ ನೆಂಟನನ್ನು ಎಬ್ಬಿಸಿ ಕಳಿಸುವುದು ನಮ್ಮಲ್ಲಿ ಇಲ್ಲ.

ಮೊದಲು ಅಮೆರಿಕದ್ದನ್ನೇ ನುಡಿಸಿದ. ಕೋಲಾ ಕಾಯಿ ಅಗಿಯುತ್ತಿದ್ದ ಅಣ್ಣನ ದವಡೆ ನಿಂತಿತು.

“ಇದನ್ನ ಕಟ್ಟಿದೋನು ಯಾವೂರಿನೋನು?”

“ಅಮೆರಿಕದೋನೇ.”

“ಸುಳ್ಳು. ಇವನು ದಿಯಾರನೇ. ಹೊಟ್ಟೇಲಿ ಗಾಳಿ ಸಿಕ್ಕಿಕೊಂಡ್ರೆ ನಮ್ಮೋರು ಹೀಗೇ ನರಳೋದು!”

ಜುಮಾನಾ ನಗುತ್ತಲೇ, ತಂತಿಯಿಂದ ಕೈ ತೆಗೆಯದೆ, ಆ ನರಳಿಕೆಯಿಂದ ಬೇಟೆಯ ಹಾಡಿಗೆ ಜಾರಿದ. ಅಣ್ಣ ಎದ್ದು, ಗೋಡೆಯಲ್ಲಿ ತೂಗುತ್ತಿದ್ದ ತನ್ನ ಸೋರೆಬುರುಡೆಯ ತಂತಿವಾದ್ಯ ಗೋನಿಯನ್ನು ಇಳಿಸಿಕೊಂಡ.

“ಅಲ್ಲಿ ಅವಸರ ಮಾಡ್ಬೇಡ. ಪ್ರಾಣಿ ಇನ್ನೂ ಸತ್ತಿಲ್ಲ.”

ಅದೊಂದೇ ಸಾಲನ್ನು ಬಿಸಿಲು ಏರುವವರೆಗೂ ನುಡಿಸಲು ಹಚ್ಚಿದ. ಉಕ್ಕಿನ ತಂತಿಗೆ ಹುಡುಗನ ಬೆರಳ ತುದಿ ಒಡೆದು ಕೆಂಪಾಯಿತು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಮುಂದುವರಿಸಿದ.

“ಶನಿವಾರ?” ಎಂದ ಕೊನೆಗೆ.

“ನುಡಿಸು. ಆದ್ರೆ ಅಲಸಂದೆ ತಿನ್ನೋರ ಹಾಡು ಅಂತ ಹೇಳೀಯ, ಹುಷಾರು!”

“ಹೇಳದೆ ಇರ್ತೀನಾ?”

ಅಷ್ಟರಲ್ಲಿ ಅಡುಗೆಮನೆಯ ವಾಸನೆ ಅಂಗಳಕ್ಕೆ ಬಂದೇಬಿಟ್ಟಿತು. ಬಾಗಿಲು ಮುಚ್ಚಲು ನಾನು ಮರೆತಿದ್ದೆ. ಜುಮಾನಾ ಮೂಗರಳಿಸಿ, ಹಂಗಿಸಲು ಬಾಯಿ ತೆರೆದ.

ಅಣ್ಣ ಒಳಗೆ ಹೋಗಿ, ಬಿಸಿ ಅಲಸಂದೆಯ ಬಟ್ಟಲನ್ನು ತಂದು, ಅವನ ಒಡೆದ ಬೆರಳುಗಳನ್ನೊಮ್ಮೆ ನೋಡಿ ಕೈಗಿಟ್ಟ. ನಮ್ಮ ಮನೆಯಲ್ಲಿ ಎಲ್ಲರೂ ಕೈಯಲ್ಲೇ ಉಣ್ಣುವವರು. ಆ ಬಟ್ಟಲಲ್ಲಿ ಮಾತ್ರ ಒಂದು ಚಮಚವಿತ್ತು.