ಅಮ್ಮಾಜಮ್ಮನ ಇಂಜಿನ್

ಹಿಂದಕ್ಕೆ ಬಾ, ಬಾ ಎಂದು ಕೈಯಾಡಿಸುತ್ತಿದ್ದವರು ಅದನ್ನು ಹೂವಿನ ಗಾಡಿ ಎಂದೇ ತಿಳಿದಿದ್ದರು. ಲಗೇಜ್ ಆಟೋ ಹಿಮ್ಮುಖವಾಗಿ ಅಂಗಳಕ್ಕೆ ನುಗ್ಗಿ, ಕುರ್ಚಿಯಲ್ಲಿದ್ದ ಇಬ್ಬರನ್ನು ಎಬ್ಬಿಸಿ, ಶಾಮಿಯಾನದ ಗೂಟಕ್ಕೆ ತಗುಲಿ ನಿಂತಿತು. ಭಜನೆಯವರ ತಾಳ ತಪ್ಪಿತು. ಡ್ರೈವರ್ ನೂಮಾನ್ ಇಳಿದು ಹಿಂದಿನ ಬಾಗಿಲು ಬಿಚ್ಚಿದ. ಒಳಗೆ ಹೂವಿರಲಿಲ್ಲ. ಗೋಣಿಚೀಲ ಸುತ್ತಿ ಹಗ್ಗ ಬಿಗಿದ ಒಂದು ಕಾರಿನ ಇಂಜಿನ್ ಇತ್ತು.

"ರಮೇಶ್‌ಬಾಬು ಸಾರ್ ಮನೆ ಇದೇನಾ? ಚಿಂತಾಮಣಿಯಿಂದ ಬರ್ತಾ ಇದೀನಿ" ಎಂದವನ ಕಣ್ಣು ಆಮೇಲೆ ಚಾಪೆಯ ಮೇಲೆ ಮಲಗಿಸಿದ್ದ ಹೆಂಗಸಿನ ಮೇಲೆ ಬಿತ್ತು. ಹಣೆಯ ಮೇಲೆ ನಾಣ್ಯ, ಮೂಗಿಗೆ ಹತ್ತಿ, ತಲೆಯ ಹತ್ತಿರ ದೀಪ. "ಯಾ ಅಲ್ಲಾ" ಎಂದು ಹೆಗಲ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಏಮಿ ರಾ ಇದು?" ನಲ್ಲಪ್ಪ ಕೋಲೂರಿ ಎದ್ದರು. ಸತ್ತ ಅಮ್ಮಾಜಮ್ಮನಿಗೆ ಅವರು ಗಂಡನ ಅಣ್ಣ, ಮನೆತನಕ್ಕೆ ಹಿರಿಯರು. "ಹೆಣ ಅಂಗಳದಲ್ಲಿರೋವಾಗ ಇಂಜಿನ್ ತರಿಸ್ತಾರೇನಪ್ಪ ಯಾರಾದ್ರೂ?"

ರಮೇಶ್‌ಬಾಬು ತಲೆ ತಗ್ಗಿಸಿದ. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತ; ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. "ಹೋದ ವಾರಾನೇ ಹೇಳಿದ್ದೆ ದೊಡ್ಡಪ್ಪ. ಇವತ್ತು ಬರುತ್ತೆ ಅನ್ನೋದು ಮರ್ತೇ ಹೋಗಿತ್ತು. ಅಮ್ಮಂಗೆ ಹೇಳಿರಲಿಲ್ಲ."

"ಹೇಳಿದ್ರೆ ಈಗ್ಲೂ ಎದ್ದು ಕೂತ್ಕೊಂಡು ಬೈತಾಳೆ" ಎಂದಳು ಅವನ ತಂಗಿ ಕವಿತ, ತಾಯಿಯ ತಲೆಯ ಬಳಿ ಕೂತಲ್ಲಿಂದಲೇ. ಹೆಂಗಸರ ನಡುವೆ ಯಾರೋ ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನೂಮಾನ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸಾರ್, ತಪ್ಪು ತಿಳ್ಕೋಬೇಡಿ. ಇದನ್ನ ಇಳಿಸಿ ಹಳೇ ಇಂಜಿನ್ ಹಾಕ್ಕೊಂಡು ಬಾ ಅಂದಿದಾರೆ ನಮ್ಮ ಯಜಮಾನ್ರು. ಅದಕ್ಕೆ ಇದು ಬದಲಿ."

"ಹಳೇದನ್ನ ಏನು ಮಾಡ್ತಾರೆ?" ಕವಿತ ಕೇಳಿದಳು.

"ಗುಜರಿಗಮ್ಮ. ಇನ್ನೇನು ಮಾಡ್ತಾರೆ, ಒಡೆದು ಕರಗಿಸ್ತಾರೆ."

ಕವಿತ ಎದ್ದು ನಿಂತಳು.

*

ಆ ಹಳೇ ಇಂಜಿನ್ನಿನ ಕಾರು ಈ ಮನೆಗೆ ಕರೆಯದೆ ಬಂದದ್ದು. ಒಂದು ಭಾನುವಾರ ಬೆಳಿಗ್ಗೆ ಅಮ್ಮಾಜಮ್ಮ ರೇಷ್ಮೆಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದಾಗ, ಬೆಟ್ಟದ ಕಡೆಯಿಂದ ಪೈಪೋಟಿಗೆ ಬಿದ್ದು ಹಾರಿ ಬರುತ್ತಿದ್ದ ಕಾರುಗಳಲ್ಲಿ ಒಂದು ತಿರುವು ತಪ್ಪಿ ಅವಳ ಹಿಪ್ಪುನೇರಳೆ ತೋಟಕ್ಕೆ ಇಳಿಯಿತು. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಮೂಗು ತಾಗುವಷ್ಟು ತಗ್ಗು. ಓಡಿಸುತ್ತಿದ್ದ ಹುಡುಗನಿಗೆ ಗಾಯವಾಗಿರಲಿಲ್ಲ. ಕುಡುಗೋಲು ಹಿಡಿದು ನಿಂತಿದ್ದವಳನ್ನು ನೋಡಿ ಅವನು ಅತ್ತ. ಅವಳು ಅವನಿಗೆ ನೀರು ಕೊಟ್ಟಳು.

ಸಂಜೆ ಅವನ ಅಪ್ಪ ಬಂದು, ತುಳಿದುಹೋದ ಸಾಲುಗಳಿಗೆ ಏನು ಕೊಡಬೇಕು ಹೇಳಿ ಎಂದ.

"ಇದನ್ನೇ ಬಿಟ್ಟುಹೋಗಿ" ಎಂದಳು.

ಹಳೆಯ ಕಾರು, ಮುಂದಿನ ಭಾಗವೆಲ್ಲ ಜಜ್ಜಿತ್ತು. ಅವನು ನಕ್ಕು ಅವಳ ಹೆಸರಿಗೆ ಬರೆದುಕೊಟ್ಟ. ನಲ್ಲಪ್ಪ ನಗಲಿಲ್ಲ. "ಏನು ಮಾಡ್ತೀಯಮ್ಮ ಇದನ್ನ, ಕೋಳಿ ಕವುಚ್ತೀಯಾ?"

"ನಾನು ಕೂತ್ಕೋತೀನಿ ಬಾವ."

ಗಂಡ ಸತ್ತಾಗ ಹುಳು ಸಾಕೋದು ಬಿಡು, ಜಮೀನು ನನಗೆ ಗುತ್ತಿಗೆ ಕೊಡು ಎಂದು ಅವರು ಹೇಳಿದ್ದರು. ಆಗಲೂ ಅವಳು ಇದೇ ದನಿಯಲ್ಲಿ ಆಗಲ್ಲ ಎಂದಿದ್ದಳು.

ಶಿಡ್ಲಘಟ್ಟದ ಮೆಕ್ಯಾನಿಕ್ ದಸ್ತಗಿರ್ ಆರು ತಿಂಗಳು ಬಂದು ಹೋಗಿ ಕಾರನ್ನು ಓಡುವ ಹಾಗೆ ಮಾಡಿಕೊಟ್ಟ. ಬತ್ತಿದ ಕೆರೆಯಂಗಳದಲ್ಲಿ ಅವಳು ಓಡಿಸುವುದನ್ನು ಕಲಿತಳು. ಆಮೇಲೆ ಗೂಡು ಬಿಡಿಸಿದ ದಿನವೆಲ್ಲ ಪಕ್ಕದ ಸೀಟಿನಲ್ಲಿ ಗೂಡಿನ ಚೀಲ ಕೂರಿಸಿ, ಅದಕ್ಕೊಂದು ಬೆಲ್ಟ್ ಬಿಗಿದು, ಶಿಡ್ಲಘಟ್ಟದ ಮಾರುಕಟ್ಟೆಗೆ ತಾನೇ ಹೋದಳು. ಸೆರಗು ತಲೆಗೆ ಸುತ್ತಿ, ಬಾಯಲ್ಲಿ ಎಲೆಅಡಿಕೆ. ಇಂಜಿನ್ನಿನ ಸದ್ದು ಊರ ಬಾಗಿಲಿಗೇ ಕೇಳುತ್ತಿತ್ತು. ತಂಬೂರಿಯ ಕೆಳತಂತಿಯನ್ನು ಬಿಡದೆ ಮೀಟಿದ ಹಾಗೆ. ಅದು ಕಿವಿಗೆ ಬಿದ್ದರೆ ನೂಲು ಬಿಚ್ಚುವವರು ಟೀ ಲೋಟ ಕೆಳಗಿಟ್ಟು, "ಅಮ್ಮಾಜಮ್ಮನ ಗೂಡು ಬಂತು" ಎಂದು ಏಳುತ್ತಿದ್ದರು.

*

"ಹಳೇದು ಕೊಟ್ಟು ಕಳಿಸಪ್ಪ, ತಲೆನೋವು ಹೋಗಲಿ" ಎಂದರು ನಲ್ಲಪ್ಪ. "ಹೊಸದನ್ನ ಹಾಕ್ಸಿ ಆ ಕಾರನ್ನ ಯಾರಿಗಾದ್ರೂ ಕೊಟ್ಬಿಡು. ಇದ್ದಾಗ ಆಡಿದ್ಲು, ಆಯ್ತು. ಇನ್ಯಾರು ಓಡಿಸೋರು ಅದನ್ನ?"

"ನಾನು" ಎಂದಳು ಕವಿತ.

"ನಿಂಗೆ ಬರುತ್ತೇನೇ?"

"ಅಮ್ಮಂಗೆ ಬರ್ತಿತ್ತಾ ದೊಡ್ಡಪ್ಪ, ಮೊದಲು?"

ರಮೇಶ್‌ಬಾಬು ತಂಗಿಯನ್ನು ಪಕ್ಕಕ್ಕೆ ಕರೆದ. ಅವನ ಕಣ್ಣು ಕೆಂಪಗಿತ್ತು. "ನಾನೇನು ಕೆಟ್ಟದ್ದು ಮಾಡಿದ್ನಾ ಕವಿ? ಎದೆನೋವು ಅಂತಿದ್ಲು. ರಿಪೇರಿ ಆಗಿ ಬರೋವರೆಗೂ ಇರ್ತಾಳೋ ಇಲ್ವೋ, ಬದಲಿ ಹಾಕ್ಸಿದ್ರೆ ಒಂದ್ಸಲ ಮಾರ್ಕೆಟ್‌ಗೆ ಹೋಗಿ ಬರ್ತಾಳಲ್ಲ ಅಂತ. ಅಷ್ಟೇ ಕಣೇ."

"ಗೊತ್ತು ಕಣಣ್ಣ."

"ಮತ್ತೆ?"

"ಈಗ ಅವಸರ ಯಾರಿಗೆ?"

ಅಂಗಳದ ಆ ಬದಿಯ ಹುಳುಮನೆಯಲ್ಲಿ ಸೊಪ್ಪು ಮೇಯುವ ಸದ್ದು ನಿಂತಿರಲಿಲ್ಲ. ಹುಳುಗಳು ಪೊರೆ ಕಳಚುವ ಕೊನೆಯ ಜ್ವರದಿಂದ ಎದ್ದು ಹಸಿದಿದ್ದವು. ಸಾವಿಗೆಂದು ಅವು ಉಪವಾಸ ಇರುವಂತಿಲ್ಲ. ಸೂತಕದವರು ಹುಳುಮನೆಯ ಹೊಸ್ತಿಲು ದಾಟಬಾರದು. ಅದಕ್ಕೇ ಬೆಳಗಿನಿಂದ ದಸ್ತಗಿರನೂ ಅವನ ಹೆಂಡತಿ ಮೆಹಬೂಬ್ ಬೀಯೂ ಕಾಲು ತೊಳೆದು ಒಳಗೆ ಹೋಗಿ ಸೊಪ್ಪು ಹಾಕುತ್ತಿದ್ದರು. ಇಳಿಸಿಟ್ಟಿದ್ದ ಹಳೆಯ ಇಂಜಿನ್ ಕೂಡ ಅಲ್ಲೇ, ಸೊಪ್ಪಿನ ಕೋಣೆಯಲ್ಲಿತ್ತು. ಮನೆಯವರು ಯಾರೂ ಮುಟ್ಟಲಾಗದ ಜಾಗದಲ್ಲಿ.

ಕವಿತ ಹೊಸ್ತಿಲಿನ ಈಚೆ ನಿಂತು ಕೂಗಿದಳು. "ದಸ್ತಗಿರ್ ಮಾಮ, ನಿಜ ಹೇಳು. ಅದು ರಿಪೇರಿ ಆಗುತ್ತಾ, ಇಲ್ವಾ?"

ದಸ್ತಗಿರ್ ಸೊಪ್ಪಿನ ಹೊರೆ ಹೊತ್ತೇ ಬಾಗಿಲಿಗೆ ಬಂದ. "ನನ್ನನ್ನ ಕೇಳಿದ್ರೆ ಬದಲಾಯಿಸೋದೇ ಸರಿ ಅಂತೀನಮ್ಮ. ಅಕ್ಕನ ಮುಂದೇನೇ ಹೇಳ್ತಿದ್ದೆ, ಈಗ್ಲೂ ಹೇಳ್ತೀನಿ. ಆದ್ರೆ ಅವಳು ನನ್ನ ಮಾತು ಯಾವತ್ತು ಕೇಳಿದ್ಲು?"

*

ಇಂಜಿನ್ ಕೆಡಿಸಿದ್ದು ಅಮ್ಮಾಜಮ್ಮನೇ. ಹುಳುಮನೆಗೆ ಇರುವೆ ಬರದ ಹಾಗೆ ಸುತ್ತ ನೀರಿನ ಕಾಲುವೆ, ಇಲಿ ನುಗ್ಗದ ಹಾಗೆ ಜಾಲರಿ. ಮನೆಯಲ್ಲಿ ಅದಕ್ಕಿಂತ ಶುದ್ಧವಾದ ಜಾಗ ಇರಲಿಲ್ಲ. ಅದಕ್ಕೇ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಕಾರನ್ನು ಅಲ್ಲೇ ನಿಲ್ಲಿಸುತ್ತಿದ್ದಳು. ಆ ಸಲ ದಸ್ತಗಿರ್ ಒಂದು ಪ್ಲಗ್ ಬಿಚ್ಚಿಕೊಂಡು, ಹೊಸದು ತರುತ್ತೇನೆಂದು ಹೋದವನು ತಡಮಾಡಿದ. ಅವಳು ಹೊಸ ಮೊಟ್ಟೆ ತರುವ ಮೊದಲು ಪ್ರತಿಸಲ ಮಾಡುವಂತೆಯೇ ಬ್ಲೀಚಿಂಗ್ ಪುಡಿ ಕಲಸಿದ ನೀರನ್ನು ಗೋಡೆ, ನೆಲ, ಸೂರಿಗೆಲ್ಲ ಸಿಂಪಡಿಸಿ, ಬಾಗಿಲು ಬಿಗಿಯಾಗಿ ಹಾಕಿದಳು. ರೋಗ ಸಾಯುವ ಘಾಟು ತೆರೆದ ಇಂಜಿನ್ನಿನ ಒಳಕ್ಕೂ ಇಳಿಯಿತು. ಮುಂದೆ ಸ್ಟಾರ್ಟ್ ಮಾಡಿದಾಗ ಒಳಗೆ ಏನೋ ಕಡಿದ ಸದ್ದು.

ಇಂಜಿನ್ ಇಳಿಸಿ ಬಿಚ್ಚಿದ ದಸ್ತಗಿರ್ ಹಣೆ ಚಚ್ಚಿಕೊಂಡ. "ನಾಲ್ಕು ಸಿಲಿಂಡರಲ್ಲಿ ಒಂದರ ಬೋರು ತುಕ್ಕು ತಿಂದು ಸೀಳಿದೆ ಅಕ್ಕ. ಚಿಂತಾಮಣೀಲಿ ಬೇರೆ ಕಾರಿನ ಇಂಜಿನ್ ಸಿಗುತ್ತೆ. ಹಾಕಿದ್ರೆ ಎರಡೇ ದಿನದ ಕೆಲಸ."

"ಒಂದು ಕೆಟ್ಟಿದ್ದಕ್ಕೆ ನಾಲ್ಕೂ ಎಸೀತಾರೇನಪ್ಪ?"

"ಹುಳುವಿಗೆ ರೋಗ ಬಂದ್ರೆ ತಟ್ಟೆಗೆ ತಟ್ಟೇನೇ ಸುಡ್ತೀಯಲ್ಲ?"

"ಅದು ರೋಗ. ಇದು ನಾನು ಮಾಡಿದ್ದು. ನಾನು ಮಾಡಿದ್ದನ್ನ ಸುಟ್ಟು ಕೈ ತೊಳ್ಕೊಳ್ಳೋದು ನಂಗೆ ಬರಲ್ಲ."

ಮಾರುಕಟ್ಟೆಗೆ ಬಸ್ಸಿನಲ್ಲಿ ಬರತೊಡಗಿದವಳನ್ನು ಗೂಡಿನ ದಲ್ಲಾಳಿಯೊಬ್ಬ ಎಲ್ಲರೆದುರು ಕೆಣಕಿದ. "ಟಿಲ್ಲರ್ ಇಂಜಿನ್ ಹಾಕ್ಸಮ್ಮ ಅದಕ್ಕೆ, ಉಳುಮೆಗೂ ಆಗುತ್ತೆ."

ಅಮ್ಮಾಜಮ್ಮ ಎಲೆಅಡಿಕೆ ಉಗಿದು ಬಂದು, ಸಮಾಧಾನವಾಗಿ ಕೇಳಿದಳು. "ನಿಂಗೆ ಕೆಮ್ಮು ಬಂದ್ರೆ ನಿನ್ನ ಹೆಂಡ್ತಿ ಗಂಡನ್ನೇ ಬದಲಾಯಿಸ್ತಾಳೇನಪ್ಪ?"

ಮಾರುಕಟ್ಟೆಯೇ ನಕ್ಕಿತು. ದಲ್ಲಾಳಿ ಆ ದಿನ ಹರಾಜು ಕೂಗಲಿಲ್ಲ.

*

"ಅವಳು ಅಷ್ಟಕ್ಕೇ ಬಿಡಲಿಲ್ಲಮ್ಮ" ಎಂದ ದಸ್ತಗಿರ್. "ಆಗಲ್ಲ ಅಂದವರ ಅಂಗಡಿಗೆಲ್ಲ ನನ್ನನ್ನ ಅಲೆಸಿದ್ಲು. ಕೊನೆಗೆ ಗೌರಿಬಿದನೂರಿನಲ್ಲಿ ಒಬ್ಬ ಲೇತಿನವನು, ತೂತು ಕೊರೆದು ಹೊಸಾ ಕೊಳವೆ ಕೂರಿಸ್ತೀನಿ, ತಗೊಂಡ್ಬಾ ಅಂದ. ಸೋಮವಾರ ಹೋಗೋದಿತ್ತು. ಅಕ್ಕ, ನಾನು."

ಕವಿತ ಅಣ್ಣನ ಕಡೆ ತಿರುಗಿದಳು.

"ಅದನ್ನ ಹೊರಕ್ಕೆ ತನ್ನಿ ಮಾಮ."

ಇಂಜಿನ್ನಿಗೆ ಹಗ್ಗ ಕಟ್ಟಿ ಎತ್ತಲು ಗಳ ಬೇಕಾಯಿತು. ಚಟ್ಟ ಕಟ್ಟಿ ಉಳಿದಿದ್ದ ಬಿದಿರು ಗೋಡೆಗೊರಗಿತ್ತು. ನೂಮಾನ್ ಅದನ್ನೇ ಎತ್ತಿಕೊಂಡ.

"ಅದು ಹೆಣದ ಬಿದಿರು ಕಣಯ್ಯಾ!" ನಲ್ಲಪ್ಪ ಕೂಗಿದರು.

"ಅವಳದ್ದೇ ಅಲ್ವಾ ದೊಡ್ಡಪ್ಪ, ಎರಡೂ" ಎಂದಳು ಕವಿತ.

ದಸ್ತಗಿರ್ ಒಂದು ತುದಿ, ನೂಮಾನ್ ಒಂದು ತುದಿ. ಅಮ್ಮಾಜಮ್ಮನ ಹಸಿರು ಸೀರೆ ಸುತ್ತಿದ್ದ ಇಂಜಿನ್ ತೂಗುತ್ತ ಬಂದು ಅಂಗಳದಲ್ಲಿ ಇಳಿಯಿತು. ಆಗಲೇ ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ನಿಂತಿದ್ದ ರಮೇಶ್‌ಬಾಬು ಹತ್ತಿರ ಹೋದ. "ಮುಟ್ಟಬೇಡಪ್ಪ, ಮಡಿಯಲ್ಲಿದ್ದೀಯ" ಎಂದರು ನಲ್ಲಪ್ಪ. ಅವನು ಕೂತು ಸೀರೆ ಸರಿಸಿದ.

ನಾಲ್ಕು ಬೋರುಗಳಲ್ಲೂ ಗೂಡಿನಿಂದ ಬಿಡಿಸಿದ ರೇಷ್ಮೆ ಎಳೆಯ ಮುದ್ದೆಗಳನ್ನು ಒತ್ತಿ ತುಂಬಿತ್ತು. ಒಂದನ್ನು ಎಳೆದು, ಒಳಗೆ ಕೈ ಇಳಿಸಿದ. ನುಣುಪು. ಇನ್ನೊಂದು, ಅದೂ ನುಣುಪು. ಕೊನೆಯದರಲ್ಲಿ ಮಾತ್ರ ಒಂದು ಗೀರು ಬೆರಳಿಗೆ ಒರಟಾಗಿ ಸಿಕ್ಕಿತು. ಆ ಗೀರಿನ ಉದ್ದಕ್ಕೂ ಎಣ್ಣೆ ಇತ್ತು. ಹೊಸ ಎಣ್ಣೆ, ಇನ್ನೂ ಇಳಿದು ಹೋಗಿರಲಿಲ್ಲ.

"ದಿನಾ ಹಚ್ಚೋಳು" ಎಂದಳು ಮೆಹಬೂಬ್ ಬೀ ಬಾಗಿಲಲ್ಲಿ ನಿಂತು. "ನಿನ್ನೆ ಸಂಜೇನೂ. ಹುಳುವಿಗೆ ಸೊಪ್ಪು ಹಾಕಿ, ಇದಕ್ಕೆ ಎಣ್ಣೆ ಹಚ್ಚಿ, ಮಲಗಿಕೊಳ್ತೀನಿ ಕಣೇ ಬೀ ಅಂತ ಹೋದ್ಲು."

ರಮೇಶ್‌ಬಾಬು ಬಹಳ ಹೊತ್ತು ಕೈಯನ್ನು ಹೊರಗೆ ತೆಗೆಯಲಿಲ್ಲ. ಆಮೇಲೆ ಮುದ್ದೆಗಳನ್ನು ಒಂದೊಂದಾಗಿ ಮತ್ತೆ ಒಳಗೆ ತುಂಬಿ, ಸೀರೆಯನ್ನು ಸರಿಯಾಗಿ ಸುತ್ತಿ, ನೂಮಾನನ ಕಡೆ ನೋಡಿದ.

"ಇದು ಬದಲಿಗೆ ಇಲ್ಲ. ನೀನು ತಂದಿದ್ದನ್ನ ವಾಪಸ್ ತಗೊಂಡು ಹೋಗು. ಹೋಗೋ ಮೊದಲು ಇದನ್ನ ಗೌರಿಬಿದನೂರಿಗೆ ಹಾಕ್ಕೊಂಡು ಹೋಗ್ತೀಯಾ?"

"ಇವತ್ತೇನಾ ಸಾರ್?"

"ಇವತ್ತೇ."

"ಹೆಣ ಎತ್ತೋ ದಿನ ಮನೆ ಸಾಮಾನು ಹೊರಕ್ಕೆ ಕಳಿಸ್ತಾರೇನಪ್ಪ?" ನಲ್ಲಪ್ಪನ ಕೋಲು ನೆಲಕ್ಕೆ ಬಡಿಯಿತು. "ಹನ್ನೊಂದು ದಿನ ಕಳೀಲಿ. ಜನ ಏನಂತಾರೆ?"

"ಅಮ್ಮಂಗೆ ಏನು ಅನ್ನದೆ ಬಿಟ್ಟಿದ್ರು ದೊಡ್ಡಪ್ಪ?" ಎಂದ ರಮೇಶ್‌ಬಾಬು. ಅವನ ದನಿ ಅಂಗಳದ ಆ ತುದಿಗೂ ಕೇಳಿಸಿತು.

ತಮಟೆ ಶುರುವಾಯಿತು. ಚಟ್ಟ ಹೆಗಲಿಗೇರಿತು. ಹೊರಟ ಗಂಡಸರ ಹಿಂದೆಯೇ ಕವಿತ ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟಿದಳು.

"ಏನಮ್ಮ, ಎಲ್ಲಿಗೆ? ಹೆಣ್ಣುಮಕ್ಳು ಗುಂಡಿ ಹತ್ರ ಬರೋ ಹಾಗಿಲ್ಲ ನಮ್ಮಲ್ಲಿ."

"ಗುಂಡಿ ಹತ್ರ ಬರಲ್ಲ ದೊಡ್ಡಪ್ಪ. ಗೌರಿಬಿದನೂರಿಗೆ ಹೋಗ್ತೀನಿ" ಎಂದು ಅವಳು ಆಟೋದ ಹಿಂಭಾಗಕ್ಕೆ ಹತ್ತಿ, ಎರಡು ಇಂಜಿನ್‌ಗಳ ನಡುವೆ ಕೂತಳು. ಹಸಿರು ಸೀರೆಯದನ್ನು ಮಡಿಲಿಗೆ ಒರಗಿಸಿಕೊಂಡಳು. ದಸ್ತಗಿರ್ ಮುಂದಿನ ಸೀಟಿಗೆ ಹತ್ತಿದ. "ಬದಲಾಯಿಸೋದೇ ಸರಿ ಇತ್ತು" ಎಂದು ಗೊಣಗಿ, "ನಿಧಾನ ನಡಿ, ಹಳ್ಳ ಇದೆ" ಎಂದು ನೂಮಾನನಿಗೆ ಹೇಳಿದ.

ಮುಂದೆ ಚಟ್ಟ, ಹಿಂದೆ ಆಟೋ. ಗುಂಡಿ ತೋಡಿದ್ದ ಹಿಪ್ಪುನೇರಳೆ ತೋಟದವರೆಗೂ ಒಂದೇ ದಾರಿ. ಎರಚಿದ ಪುರಿ, ಬಿಡಿ ಹೂವು ಗಾಳಿಗೆ ಹಾರಿ ಹಸಿರು ಸೀರೆಯ ಮೇಲೂ ಬಿದ್ದವು. ಕಾರು ಬಿದ್ದಿದ್ದ ತಿರುವಿನಲ್ಲಿ ಚಟ್ಟ ತೋಟಕ್ಕೆ ಇಳಿಯಿತು. ಆಟೋ ಒಂದು ಗಳಿಗೆ ನಿಂತಿತು. ಒಮ್ಮೆ ಹಾರ್ನ್ ಹೊಡೆದು, ಟಾರು ರಸ್ತೆ ಹತ್ತಿತು.

ಎಲ್ಲರಿಗಿಂತ ಮುಂದೆ ಬೆಂಕಿಮಡಕೆ ಹಿಡಿದಿದ್ದ ರಮೇಶ್‌ಬಾಬು ಹಿಂತಿರುಗಿ ನೋಡುವಂತಿರಲಿಲ್ಲ. ಆಟೋದ ಸದ್ದು ಏರು ಹತ್ತಿ, ತೀರ ಸಣ್ಣಗಾಗಿ, ತಮಟೆಯ ಕೆಳಗೆ ಮುಳುಗುವವರೆಗೂ ನಿಂತು ಕೇಳಿದ. ಆಮೇಲೆ ಹೆಜ್ಜೆ ಹಾಕಿದ. ಹೊಗೆ ಅವನ ಮುಖಕ್ಕೆ ಬರುತ್ತಿತ್ತು. ಹೊಸ ಮಡಕೆಯ ಕೆಂಪು ಮೈಮೇಲೆ, ಅವನ ಐದು ಬೆರಳು ಕಪ್ಪಗೆ, ಎಣ್ಣೆಯಲ್ಲಿ ಮೂಡಿದ್ದವು.