ಕೆಂಪು ಪಟ್ಟಿಯ ಕಲ್ಲು

ತೊಗರಿ ಕೊಯ್ಲು ಮುಗಿದರೆ ಸಾಕು, ದೇವರ ಹಿಪ್ಪರಗಿಯಿಂದ ತಾಳಿಕೋಟೆ ಕಡೆಗೆ ಹೋಗುವ ನಮ್ಮೂರ ಡಾಂಬರು ರಸ್ತೆ ಅರ್ಧವೇ ಉಳಿಯುತ್ತದೆ. ಒಂದು ಬದಿಗೆ ತೊಗರಿ ಗಿಡ ಹರವಿರುತ್ತಾರೆ. ಇನ್ನೊಂದು ಬದಿಗೆ, ಗಾಡಿಗಳು ತಪ್ಪಿಸಿಕೊಂಡು ಹೋಗಬಾರದೆಂದು, ತಲೆಗಾತ್ರದ ಕಲ್ಲು ಇಟ್ಟಿರುತ್ತಾರೆ. ಬಸ್ಸು ಲಾರಿಗಳು ತೊಗರಿಯ ಮೇಲೆ ಹಾಯಬೇಕು, ಕಾಳು ಉದುರಬೇಕು. ನಮ್ಮೂರಿನ ಜಾಣತನ ಇದು.

ಈ ಜಾಣತನದಲ್ಲಿ ಶಂಕರೆಪ್ಪನವರೇ ಮುಂದು. ಅವರ ಕಲ್ಲುಗಳನ್ನು ಬೇರೆಯವರು ಒಯ್ಯುತ್ತಾರೆಂದು ಹನ್ನೆರಡಕ್ಕೂ ಎರಡೆರಡು ಕೆಂಪು ಪಟ್ಟಿ ಬಳಿದಿದ್ದರು. ಯಾರಾದರೂ ತಕರಾರು ಮಾಡಿದರೆ ಅವರ ಉತ್ತರ ಸಿದ್ಧವಿತ್ತು.

"ಸರಕಾರದವ್ರು ಇಷ್ಟ ಛಂದ ಕಣಾ ಮಾಡಿಕೊಟ್ಟಾರ. ಬಂದ ಗಾಡಿ ಪುಕ್ಕಟೆ ರಾಶಿ ಮಾಡಿ ಹೋಗತಾವ. ಇನ್ನೇನ್ ಬೇಕೋ?"

ಹೋದ ವರ್ಷ ಇದೇ ರಸ್ತೆಯಲ್ಲಿ ಅನಿಲ ಬಿದ್ದ. ದಿನಾ ಬೆಳಿಗ್ಗೆ ಬೈಕಿನ ಮೇಲೆ ಹಾಲಿನ ಕ್ಯಾನು ಒಯ್ಯುತ್ತಿದ್ದ ಹುಡುಗ. ಎಡಗಾಲಿಗೆ ರಾಡು ಹಾಕಿದ್ದಾರೆ, ಈಗ ಕೋಲು ಹಿಡಿದು ನಡೆಯುತ್ತಾನೆ, ಹಾಲಿನ ಕೆಲಸ ಹೋಯಿತು. "ಜೋರ್ ಹೊಡೀತಿದ್ದ, ಬಿದ್ದ" ಎಂದು ಶಂಕರೆಪ್ಪ ಊರಿಗೆಲ್ಲ ಹೇಳಿದರು. ನಾವೂ ಹಾಗೇ ಹೇಳಿದೆವು.

ಈ ಸಲ ತೊಗರಿ ಕೊಯ್ಲಿನ ಹೊತ್ತಿಗೆ ಶಂಕರೆಪ್ಪನವರ ಪಕ್ಕದ ಮನೆಯ ನಬಿಸಾಬರ ಮಗಳು ಮೆಹನಾಜ ರಜೆಗೆ ಬಂದಿದ್ದಳು. ಅವಳು ನರ್ಸು. ಆಫ್ರಿಕಾದ ಮಲಾವಿ ದೇಶದಲ್ಲಿ, ರಸ್ತೆ ಅಪಘಾತ ಕಡಿಮೆ ಮಾಡಲು ದುಡಿಯುವ ಒಂದು ಸೇವಾಸಂಸ್ಥೆಯಲ್ಲಿ ಮೂರು ವರ್ಷದಿಂದ ಇದ್ದಾಳೆ. ಶಂಕರೆಪ್ಪ ಕಟ್ಟೆಯ ಮೇಲೆ ಕೂತು ಕಲ್ಲುಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದುದನ್ನು ನೋಡಿ ನಿಂತಳು.

"ಕಾಕಾ, ನಾಳೆ ತೊಗರಿ ರಸ್ತಾದ ಮ್ಯಾಲ ಹಾಕಬ್ಯಾಡ್ರಿ. ಕಾಳಿನ ಮ್ಯಾಲ ಬೈಕ್ ಜಾರತಾವು. ಕಲ್ಲಂತೂ ಇಡಲೇಬ್ಯಾಡ್ರಿ."

"ಅಲ್ಲವಾ, ಅಷ್ಟ ದೂರ ಆಫ್ರಿಕಾಕ್ಕ ಹೋಗಿ ನೀ ಏನ್ ಕೆಲಸಾ ಮಾಡತಿ?"

"ಕಲ್ಲು ಎತ್ತತೇನ್ರಿ."

ಶಂಕರೆಪ್ಪ ನಕ್ಕ ನಗೆಗೆ ಒಳಗಿದ್ದ ಹೆಂಡತಿ ಕಸ್ತೂರೆವ್ವ ಹೊರಗೆ ಬಂದರು. "ಕಲ್ಲು ಎತ್ತಾಕ ವಿಮಾನ ಹತ್ತಬೇಕೇನವಾ? ನಮ್ಮ ಹೊಲದಾಗ ಬೇಕಾದಷ್ಟ ಅದಾವ!"

"ನಗ್ರಿ ಕಾಕಾ. ಅಲ್ಲಿ ಲಾರಿ ಕೆಟ್ಟು ನಿಂತ್ರ ಗಾಲಿಗೆ ಕಲ್ಲು ಕೊಡತಾರ. ರಿಪೇರಿ ಆತಂದ್ರ ಕಲ್ಲು ಅಲ್ಲೇ ಬಿಟ್ಟು ಹೋಗತಾರ. ಹಿಂದ ಸೈಕಲ್ ಮ್ಯಾಲ ಬಂದಾಂವ ಬೀಳತಾನ. ನಾವು ಭಾಷಣಾ ಮಾಡಂಗಿಲ್ರಿ. ಊರವ್ರನ್ನ ಕರಕೊಂಡು ರಸ್ತಾ ನಡೀತೇವಿ, ಸಿಕ್ಕ ಕಲ್ಲು ಎತ್ತತೇವಿ. ಅಷ್ಟ. ಇವತ್ತ ಸಂಜಿಗೆ ಇಲ್ಲೂ ಹೋಗತೇವಿ, ನೀವೂ ಬರ್ರಿ."

"ಹೋಗ್ರಿ, ಹೋಗ್ರಿ," ಎಂದರು ಕಸ್ತೂರೆವ್ವ. "ಇಲ್ಲಿ ಕೂತು ಎಲಿ ಅಡಿಕಿ ಜಗಿಯೂದಕ್ಕಿಂತ ಚಲೋ ಐತಿ."

ಸಂಜೆ ಹೊರಟೆವು. ಮೆಹನಾಜಳ ಕೈಯಲ್ಲಿ ಗೋಣಿಚೀಲ, ಹಿಂದೆ ಶಂಕರೆಪ್ಪ, ಕಸ್ತೂರೆವ್ವ ಮತ್ತು ನಾವು ಊರಿನ ಮಹಿಳಾ ಸಂಘದ ಹೆಂಗಸರು. ಅನಿಲನೂ ಕೋಲೂರುತ್ತ ಬಂದ. ಅರ್ಧ ಮೈಲಿಗೇ ಚೀಲ ಎತ್ತಲಾರದಷ್ಟು ಭಾರವಾಯಿತು. ತಿರುವಿನ ಮೋರಿಯ ಹತ್ತಿರ ಶಂಕರೆಪ್ಪ ಜಾಲಿ ಕಂಟಿಯ ಪೊದೆಯೊಳಗೆ ಬಗ್ಗಿ ನೋಡಿ ಹಿಗ್ಗಿದರು.

"ಅಬಾಬಾ! ಇದು ನಂದ ಕಲ್ಲು. ಕೆಂಪು ಪಟ್ಟಿ ನೋಡ್ರಿ. ಹೋದ ವರ್ಷ ಒಂದು ಕಡಿಮಿ ಬಿದ್ದಿತ್ತು. ಯಾವಾಂವ ಇಲ್ಲಿ ತಂದು ಒಗದಾನೋ?"

ಅನಿಲ ಕೋಲೂರಿ ಮುಂದೆ ಬಂದು ಹೇಳಿದ, "ನಾನ್ರೀ ಕಾಕಾ."

"ನೀ ಯಾಕೋ?"

"ಅವತ್ತ ನಾ ಜೋರ್ ಹೊಡದಿದ್ದಿಲ್ರಿ. ನೀವು ರಾಶಿ ಎತ್ತಿಕೊಂಡು ಹೋಗಿದ್ರಿ, ಈ ಕಲ್ಲು ಮಾತ್ರ ಉಳದಿತ್ತು. ಇದಕ್ಕ ಬಡದು ಬಿದ್ನಿ. ನೀವು ಓಡಿ ಬರೂದು ಕಂಡ್ತು. ಕಲ್ಲು ಕಂಡ್ರ ನಿಮಗ ಸಂಕಟ ಆಗತೈತಂತ ಕೈಲೆ ಕಂಟ್ಯಾಗ ನೂಕಿದ್ನಿ."

"ವರ್ಷಾತಲ್ಲೋ ತಮ್ಮಾ! ನನಗ್ಯಾಕ ಹೇಳಲಿಲ್ಲ?"

"ನನ್ನ ಎತ್ತಿಕೊಂಡು ದವಾಖಾನಿಗೆ ಓಡಿದವ್ರು ನೀವ. ನನ್ನ ತಲಿ ತೊಡಿ ಮ್ಯಾಲ ಇಟ್ಟಕೊಂಡು ಅತ್ತವ್ರೂ ನೀವ. ನಿಮಗ ಹೆಂಗ ಹೇಳ್ಲಿರಿ?"

ಶಂಕರೆಪ್ಪ ಕಲ್ಲು ಹಿಡಿದುಕೊಂಡೇ ಮೋರಿಯ ಮೇಲೆ ಕೂತರು. ನಮಗೂ ತಲೆ ಎತ್ತಲಾಗಲಿಲ್ಲ. ಬಿದ್ದವನ ಮೇಲೆಯೇ ತಪ್ಪು ಹೊರಿಸಿ ವರ್ಷವಿಡೀ ಆರಾಮಾಗಿ ಇದ್ದೆವಲ್ಲ, ನಾಚಿಕೆಯಾಯಿತು.

ಶಂಕರೆಪ್ಪ ಎದ್ದರು. ದನಿ ಗಟ್ಟಿಯಾಗಿತ್ತು. "ಮೆಹನಾಜ, ನಾಳಿ ತೊಗರಿ ಎಲ್ಲಿ ಹಾಕಲಿ, ಹೇಳವಾ. ರಸ್ತಾದ ಮಾತು ಮುಗೀತು."

"ಹೊಲದಾಗ ತಾಡಪತ್ರಿ ಹಾಸ್ರಿ ಕಾಕಾ. ನಾಕು ಮನಿಯವ್ರು ಕೂಡಿ ರಾಶಿ ಮಷೀನ್ ಕರಸ್ರಿ. ಒಬ್ಬರಿಗೇ ಖರ್ಚಿನ ಹೊರಿ ಆಗೂದಿಲ್ಲ."

"ಮಷೀನಿನ ಮಾತು ನಮ್ಮ ಸಂಘಕ್ಕ ಬಿಡ್ರಿ," ಎಂದರು ಕಸ್ತೂರೆವ್ವ.

ಮರುದಿನ ಹೊಲಗಳಲ್ಲಿ ಮಷೀನು ಸದ್ದು ಮಾಡಿತು. ಶಂಕರೆಪ್ಪ ಮಾತ್ರ ಬೆಳಿಗ್ಗೆ ಹೊಲಕ್ಕೆ ಹೋಗಲಿಲ್ಲ. ಆ ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಮನೆ ಮನೆಗೆ ಹೋದರು. ಪ್ರತಿ ಬಾಗಿಲಲ್ಲೂ ಒಂದೇ ಮಾತು.

"ಅನಿಲ ಜೋರ್ ಹೊಡದು ಬಿದ್ದಿಲ್ರಿ. ನನ್ನ ಕಲ್ಲಿಗೆ ಬಿದ್ದಾನ. ನಾ ಹೇಳಿದ್ದು ಸುಳ್ಳು. ನೀವು ರಸ್ತಾದಾಗ ರಾಶಿ ಹಾಕಬ್ಯಾಡ್ರಿ."

ಈ ವರ್ಷ ನಮ್ಮೂರ ರಸ್ತೆ ಪೂರ್ತಿ ಇದೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರು ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಇರಲಿ, ತೊಗರಿಯಾಗಲಿ ಸಜ್ಜೆಯಾಗಲಿ ರಸ್ತೆಯ ಮೇಲೆ ಹಾಕಬೇಡಿ. ಗಾಡಿ ಕೆಟ್ಟಾಗ ಗಾಲಿಗೆ ಕೊಟ್ಟ ಕಲ್ಲನ್ನು ಹೊರಡುವ ಮುಂಚೆ ತೆಗೆಯಿರಿ. ಯಾರಾದರೂ ಬಿದ್ದರೆ ಎಳೆದಾಡದೆ ಮೊದಲು 108ಕ್ಕೆ ಫೋನು ಮಾಡಿ. ಬಿದ್ದವರನ್ನು ಬಯ್ಯುವ ಮುಂಚೆ ರಸ್ತೆಯ ಮೇಲೆ ಏನಿದೆ ಎಂದು ನೋಡಿ. ನೀವು ಇಟ್ಟ ಕಲ್ಲೊಂದು ಈಗಲೂ ಯಾವುದೋ ತಿರುವಿನಲ್ಲಿ ಇರಬಹುದು. ಈ ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ಇವತ್ತೇ ಹೋಗಿ ಎತ್ತಿ ಬನ್ನಿ.